ಕೋಟೆಯಾಚೆ ಹಾಕಿದವರು

ನನಗೆ ಮೊದಲಿನಿಂದಲೂ ಹೆದರಿಕೆ ಜಾಸ್ತಿ. ನಂಜನಗೂಡಿನಲ್ಲಿ ಕಪಿಲೆಯ ನೀರು ಸ್ನಾನಘಟ್ಟದ ಮೆಟ್ಟಿಲು ಹತ್ತಲು ಶುರುಮಾಡಿದರೆ ಸಾಕು, ನಮ್ಮ ಬೀದಿಯಲ್ಲಿ ಮೊದಲು ಬಟ್ಟೆ ಗಂಟು ಕಟ್ಟುತ್ತಿದ್ದವಳು ನಾನು. ಸಿಡ್ನಿಗೆ ಬಂದು ಇಷ್ಟು ವರ್ಷವಾದರೂ ಆ ಗುಣ ಹೋಗಿಲ್ಲ. ನಮ್ಮ ಮನೆ ವೆಸ್ಟ್‌ಮೀಡಿನಲ್ಲಿ, ಆಸ್ಪತ್ರೆಗಳ ಪಕ್ಕದಲ್ಲೇ. ತಲೆಯ ಮೇಲೆ ಹೆಲಿಕಾಪ್ಟರ್ ಹೋದಾಗಲೆಲ್ಲ ನಮ್ಮವರು ಯಾರ್ಯಾರು ಎಲ್ಲೆಲ್ಲಿದ್ದಾರೆ ಎಂದು ಮನಸ್ಸಿನಲ್ಲೇ ಒಮ್ಮೆ ಎಣಿಸಿಕೊಳ್ಳುತ್ತೇನೆ. ನನ್ನ ಗಂಡ ಇದಕ್ಕೆ ಹಾಜರಿ ತೆಗೆಯೋದು ಅನ್ನುತ್ತಾರೆ. "ಆಯ್ತಾ ಹಾಜರಿ? ಎಲ್ಲಾ ಪ್ರೆಸೆಂಟಾ?" ಎಂದು ಕೀಟಲೆ ಮಾಡುತ್ತಾರೆ. ಮಾಡಲಿ. ಮನೆ ಎಂದ ಮೇಲೆ ಹೆದರಿಕೊಳ್ಳುವವರೂ ಒಬ್ಬರಿರಬೇಕು.

ಆದರೆ ನಾನೀಗ ಹೇಳಹೊರಟಿರುವ ಹೆದರಿಕೆ ಬಂದದ್ದು ನಾನು ತುಂಬ ಖುಷಿಯಾಗಿದ್ದ ದಿನಗಳಲ್ಲಿ. ನನ್ನ ಮಗಳು ಕನ್ನಡದಲ್ಲಿ ಮಾತಾಡಲು ಒಪ್ಪಿಕೊಂಡಿದ್ದಳು.

ಅವಳಿಗಾಗ ಹದಿನಾರು. ಕನ್ನಡ ಎಲ್ಲಾ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಇಲ್ಲಿನ ನಮ್ಮ ಮಕ್ಕಳೆಲ್ಲ ಹೀಗೇ. ನಾವು ಕನ್ನಡದಲ್ಲಿ ಬೈಯುತ್ತೇವೆ, ಅವರು ಇಂಗ್ಲಿಷಿನಲ್ಲಿ ತಿರುಗಿ ಬೈಯುತ್ತಾರೆ, ಜಗಳ ಮಾತ್ರ ಸುಸೂತ್ರವಾಗಿ ನಡೆಯುತ್ತದೆ. ಭಾನುವಾರದ ಕನ್ನಡ ಶಾಲೆಗೆ ಅವಳನ್ನು ಕಳಿಸುವುದೆಂದರೆ ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗೆ. ಆ ವರ್ಷ ರಾಜ್ಯೋತ್ಸವಕ್ಕೆ ದೊಡ್ಡ ಮಕ್ಕಳೆಲ್ಲ ಇತಿಹಾಸದ ಒಂದು ವಿಷಯ ತೆಗೆದುಕೊಂಡು ಭಾಷಣ ಮಾಡಬೇಕು ಎಂದು ಶಾಲೆಯಲ್ಲಿ ಹೇಳಿದ್ದರು. ಮಿಕ್ಕ ಮಕ್ಕಳು ನಮ್ಮ ರಾಜರನ್ನೂ ರಾಣಿಯರನ್ನೂ ಹಂಚಿಕೊಂಡರು. ನನ್ನ ಮಗಳು ರೋಮಿನವರನ್ನು ತೆಗೆದುಕೊಂಡಳು. ಹೈಸ್ಕೂಲಿನಲ್ಲಿ ಪುರಾತನ ಇತಿಹಾಸದ ಅಸೈನ್‌ಮೆಂಟಿಗೆ ಅದನ್ನೇ ಓದುತ್ತಿದ್ದಳು. ಎರಡೆರಡು ಸಲ ಯಾರು ಓದುತ್ತಾರೆ ಎಂಬ ಲೆಕ್ಕಾಚಾರ.

ಅವಳು ಓದುತ್ತಿದ್ದದ್ದು ರೋಮಿನ ಒಬ್ಬ ಸೇನಾಪತಿ ಪಕ್ಕದ ಗಾಲ್ ನಾಡನ್ನು ಗೆದ್ದ ಕಥೆ. ಈಗ ಫ್ರಾನ್ಸ್ ಅನ್ನುತ್ತೇವಲ್ಲ, ಆ ನೆಲ. ಅಲ್ಲಿ ಇದ್ದವರು ಸೆಲ್ಟಿಕ್ ಬುಡಕಟ್ಟಿನವರು, ಒಂದು ಕುಲಕ್ಕೂ ಇನ್ನೊಂದು ಕುಲಕ್ಕೂ ಆಗಿಬರುತ್ತಿರಲಿಲ್ಲ. ಇವನು ಒಬ್ಬರನ್ನು ಮಿತ್ರರೆಂದು ಕರೆದು ಇನ್ನೊಬ್ಬರ ಮೇಲೆ ಬಿಡುತ್ತಿದ್ದ, ಸೋತವರ ಮಕ್ಕಳನ್ನು ಒತ್ತೆಗೆ ಇಟ್ಟುಕೊಳ್ಳುತ್ತಿದ್ದ, ಮಾತು ತಪ್ಪಿದ ಊರುಗಳನ್ನು ಸುಡಿಸುತ್ತಿದ್ದ. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಆ ಕುಲಗಳಿಗೆ ಬುದ್ಧಿ ಬಂದು ಒಟ್ಟಾದವು. ಅಷ್ಟು ಹೊತ್ತಿಗೆ ತಡವಾಗಿತ್ತು. ಅವರ ದೊಡ್ಡ ಸೈನ್ಯ ಒಂದು ಗುಡ್ಡದ ಮೇಲಿನ ಕೋಟೆಯೂರಿನಲ್ಲಿ ಸಿಕ್ಕಿಕೊಂಡಿತು. ರೋಮಿನವರು ಆ ಗುಡ್ಡದ ಸುತ್ತ ಒಂದು ಗೋಡೆ ಕಟ್ಟಿದರು. ಹೊರಗಿನಿಂದ ಯಾರಾದರೂ ಸಹಾಯಕ್ಕೆ ಬಂದರೆ ಎಂದು ಬೆನ್ನ ಹಿಂದೆ ಇನ್ನೊಂದು ಗೋಡೆ ಕಟ್ಟಿಕೊಂಡರು. ಒಳಗಿದ್ದವರ ಕಾಳು ಮುಗಿಯುತ್ತ ಬಂತು. ಆಗ ಸೈನ್ಯದ ಸರದಾರರು ಸಭೆ ಸೇರಿ, ಕಾದಾಡಲಾರದ ಮುದುಕರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕೋಟೆಯಿಂದ ಆಚೆ ಕಳಿಸಿಬಿಡೋಣ ಎಂದು ತೀರ್ಮಾನಿಸಿದರು.

ಮಗಳು ಆ ಸಭೆಯನ್ನೇ ಹಿಡಿದುಕೊಂಡಳು. ಗಾಲ್ ಸರದಾರನೊಬ್ಬ ಎದ್ದು ನಿಂತು ಮಾತಾಡುವ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದು, ಕನ್ನಡಕ್ಕೆ ಮಾಡಿಕೊಡು ಅಂದಳು. "ರೋಮ ಅಂದ್ರೆ ಕೂದಲು ಅಲ್ವಾ ಅಮ್ಮ? ಆಗ ಇದು ಕೂದಲಿನ ಸೈನ್ಯ" ಎಂದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವಳ ಇಂಗ್ಲಿಷಿನಲ್ಲಿ ಒಂದು ಕಡೆ ಉಪಯೋಗಕ್ಕೆ ಬಾರದ ಬಾಯಿಗಳು ಎಂಬರ್ಥದ ಮಾತಿತ್ತು. ದುಡಿಯದೆ ತಿನ್ನುವವರು ಎಂದು. ಅದಕ್ಕೆ ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ದಂಡಪಿಂಡ ಎಂದು ಬರೆದೆ.

ಆ ಪದ ನಮ್ಮ ಮನೆಯಲ್ಲಿ ಅಮ್ಮನ ಸ್ವಂತ ಆಸ್ತಿ. ಅಮ್ಮ ನಂಜನಗೂಡಿನ ನಮ್ಮ ಮನೆಯಲ್ಲೇ ಕಾಲೇಜು ಹುಡುಗರಿಗೆ ಮೆಸ್ ನಡೆಸಿದವಳು. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಸಾರಿನವರೆಗೆ ಬೆನ್ನು ನೇರ ಮಾಡುತ್ತಿರಲಿಲ್ಲ. ಹಾಗಾಗಿ ಪ್ರಪಂಚವೇ ಅವಳಿಗೆ ಎರಡು ಜಾತಿ: ದುಡಿದು ತಿನ್ನುವವರು, ದಂಡಪಿಂಡಗಳು. ಪಿಯುಸಿಯಲ್ಲಿ ಫೇಲಾದ ನನ್ನ ತಮ್ಮ ದಂಡಪಿಂಡ. ಇಲಿ ಹಿಡಿಯದ ಬೆಕ್ಕು ದಂಡಪಿಂಡ. ಟಿವಿಯ ಮುಂದೆ ಕಾಲು ಚಾಚಿ ಕ್ರಿಕೆಟ್ ನೋಡುವ ಅಳಿಯನೂ ಅಷ್ಟೇ, ಅವರ ಕಿವಿಗೆ ಬೀಳದ ಹಾಗೆ.

ಅಪ್ಪ ಹೋದ ಮೇಲೆ ನಾನೂ ತಮ್ಮನೂ ಒತ್ತಾಯ ಮಾಡಿ ಆ ಮನೆ ಮಾರಿಸಿ ಅಮ್ಮನನ್ನು ಇಲ್ಲಿಗೆ ಕರೆಸಿಕೊಂಡಿದ್ದೆವು. ತಮ್ಮ ಇರುವುದು ಮೆಲ್ಬರ್ನಿನ ಕ್ಲೇಟನ್‌ನಲ್ಲಿ. ಆರು ತಿಂಗಳು ನನ್ನ ಮನೆ, ಆರು ತಿಂಗಳು ಅವನ ಮನೆ. ಸಿಡ್ನಿ ಮೇಲಿದೆ, ಮೆಲ್ಬರ್ನ್ ಕೆಳಗಿದೆ ಎಂದು ಮೊಮ್ಮಗಳು ಮ್ಯಾಪಿನಲ್ಲಿ ತೋರಿಸಿದ ದಿನದಿಂದ ಅಮ್ಮ ತನ್ನ ಓಡಾಟಕ್ಕೆ ಉತ್ತರಾಯಣ, ದಕ್ಷಿಣಾಯನ ಎಂದು ಹೆಸರಿಟ್ಟಿದ್ದಳು. ಯಾರಾದರೂ ಕೇಳಿದರೆ "ಈಗ ಉತ್ತರಾಯಣ ನಡೀತಿದೆ" ಅನ್ನುತ್ತಿದ್ದಳು. ಎರಡೂ ಮನೆಯಲ್ಲಿ ಎದ್ದ ಗಳಿಗೆಯಿಂದ ಕೆಲಸ. ಬೇಡ ಎಂದರೆ ಕೇಳುವವಳಲ್ಲ. ಚಪಾತಿ, ಪಾತ್ರೆ, ಜೋಡಿ ತಪ್ಪಿದ ಕಾಲುಚೀಲಗಳು, ಬಾಲ್ಕನಿಯ ಕರಿಬೇವಿನ ಗಿಡ. ಅವಳು ಕೂತು ಉಂಡದ್ದನ್ನೇ ನಾನು ಸರಿಯಾಗಿ ನೋಡಿರಲಿಲ್ಲ.

ಮೊಮ್ಮಗಳ ಕನ್ನಡ ಭಾಷಣವನ್ನು ಅಮ್ಮನಿಗೆ ಸರ್‌ಪ್ರೈಸ್ ಮಾಡಬೇಕು ಎಂಬ ಆಸೆ ನನ್ನದು. ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲಿ ಕೂರಿಸಿ, ವೇದಿಕೆಯಲ್ಲಿ ಹುಡುಗಿ ಬಾಯಿ ಬಿಟ್ಟಾಗ ಅಮ್ಮನ ಮುಖ ನೋಡಬೇಕು. ಅದಕ್ಕೇ ಅವಳಿಗೆ ವಿಷಯ ಹೇಳಲಿಲ್ಲ. ಸಂಜೆ ಮಗಳ ರೂಮಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿಸುತ್ತಿದ್ದೆ. ಪಕ್ಕದ ರೂಮು ಅಮ್ಮನದು. ಅವಳಿಗೆ ಕಿವಿ ಮಂದ, ಒಂದು ಕಿವಿಗೆ ಮಷೀನು. ಗಟ್ಟಿಯಾಗಿ ಆಡಿದ್ದು ಮಾತ್ರ ಕೇಳುತ್ತಿತ್ತು.

ಆ ಭಾಷಣದಲ್ಲಿ ಮಗಳ ನಾಲಿಗೆ ಹೊರಳದ ಜಾಗ ಒಂದೇ. "ಕೂತು ತಿನ್ನುವ ಮುದುಕರಿಗೆ, ಈ ದಂಡಪಿಂಡಗಳಿಗೆ ಇನ್ನು ಇಲ್ಲಿ ಜಾಗವಿಲ್ಲ. ಬಾಗಿಲು ತೆಗೆಯಿರಿ, ಆಚೆ ಕಳಿಸಿ!" ಅವಳು 'ಗಳಿಗೆ' ಎನ್ನುವುದನ್ನು 'ಗಲಿಗೆ' ಅನ್ನುತ್ತಿದ್ದಳು. ಈ ದೇಶದ ಗಾಳಿಗೆ ಳಕಾರ ಒಗ್ಗುವುದಿಲ್ಲ ಎಂದು ಕಾಣುತ್ತದೆ. ನಾನು ಬಿಡಲಿಲ್ಲ. "ಇನ್ನೊಂದು ಸಲ. ಗಟ್ಟಿಯಾಗಿ ಹೇಳು. ಮನಸಿಟ್ಟು ಹೇಳು." ಅವಳು ಸಿಟ್ಟಿನಿಂದ ಕೂಗಿ ಹೇಳಿದಾಗ ಳಕಾರ ಸರಿಯಾಗಿ ಬಂತು. ನಾನು ಚಪ್ಪಾಳೆ ತಟ್ಟಿದೆ.

ಆ ವಾರದಿಂದ ಅಮ್ಮ ಊಟ ಕಡಿಮೆ ಮಾಡಿದಳು.

ಮೊದಲು ಗಮನಿಸಲಿಲ್ಲ. ಆಮೇಲೆ ನೋಡಿದರೆ ಎರಡು ಚಪಾತಿ ತಿನ್ನುವವಳು ಅರ್ಧಕ್ಕೆ ಕೈ ತೊಳೆಯುತ್ತಿದ್ದಾಳೆ. "ಹಸಿವಿಲ್ಲ ಕಣೇ. ವಯಸ್ಸಾದ್ಮೇಲೆ ಎಷ್ಟು ಬೇಕು?" ಕೆಲಸ ಮಾತ್ರ ಇಮ್ಮಡಿಯಾಗಿತ್ತು. ಬಾತ್‌ರೂಮಿನ ಟೈಲ್ಸ್ ಸಂದಿಯನ್ನು ಹಳೇ ಬ್ರಶ್ಶಿನಿಂದ ಉಜ್ಜುತ್ತಿದ್ದಳು. ನಾನು ಕೆಲಸ ಮಾಡುವುದು ಪೆಥಾಲಜಿ ಲ್ಯಾಬಿನಲ್ಲಿ, ದಿನವೂ ಬೇರೆಯವರ ರಕ್ತ ನೋಡುವವಳು. ಹಸಿವಿಲ್ಲ ಎಂಬ ಒಂದು ಮಾತಿನಿಂದ ಏನೇನು ಹುಟ್ಟಬಹುದು ಎಂದು ನನ್ನ ತಲೆಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಹೊಟ್ಟೆಯ ಕಾಯಿಲೆಯೇ, ಯಕೃತ್ತೇ, ಅದಕ್ಕಿಂತ ಕೆಟ್ಟದ್ದೇ? ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಿಪೋರ್ಟು ಬರುವವರೆಗೆ ನನಗೆ ಅನ್ನ ಇಳಿಯಲಿಲ್ಲ. ಎಲ್ಲಾ ಸರಿಯಾಗಿದೆ ಎಂದು ಬಂದಾಗ ದೇವರಿಗೆ ಕೈ ಮುಗಿದೆ. ಅಮ್ಮ ಮಾತ್ರ ರಿಪೋರ್ಟು ಕೇಳಿ, "ಅಯ್ಯೋ, ಇದಕ್ಕೆಲ್ಲ ಯಾಕೆ ನಿಮಗೆ ತೊಂದರೆ" ಅಂದಳು.

ಇನ್ನೂ ಒಂದು ಸಂಗತಿ ಅದೇ ದಿನಗಳಲ್ಲಿ ನಡೆಯುತ್ತಿತ್ತು. ಅಮ್ಮನ ದಕ್ಷಿಣಾಯನ ಹತ್ತಿರ ಬಂದಿತ್ತು. ತಮ್ಮ ಫೋನ್ ಮಾಡಿ, "ಅಕ್ಕ, ಇನ್ನೊಂದು ಮೂರು ತಿಂಗಳು ನೀನೇ ಇಟ್ಕೋ. ನಾವು ಮನೆ ಶಿಫ್ಟ್ ಮಾಡ್ತಿದೀವಿ, ಪಾಪು ಬೇರೆ ಸಣ್ಣದು" ಅಂದ. ನನಗೂ ಆಗ ಅತ್ತೆ-ಮಾವ ಬರುವವರಿದ್ದರು. ರೂಮು ಎಲ್ಲಿಂದ ತರಲಿ? "ನಂಗೂ ಆಗಲ್ಲ ಕಣೋ, ಜನವರಿಯಲ್ಲಿ ಖಂಡಿತ ಆಗಲ್ಲ" ಅಂದೆ. ಅಡಿಗೆ ಮಾಡುತ್ತ ಸ್ಪೀಕರಿನಲ್ಲಿ ಹಾಕಿಕೊಂಡು ಆಡಿದ ಮಾತು. ಮೇಲೆ ಚಿಮಣಿ ಫ್ಯಾನು ಗುಂಯ್ ಎನ್ನುತ್ತಿದ್ದರಿಂದ ಇಬ್ಬರೂ ಕೂಗಿಯೇ ಮಾತಾಡಿದ್ದೆವು. ಅಕ್ಕ ತಮ್ಮಂದಿರು ಇಷ್ಟೂ ಮಾತಾಡಿಕೊಳ್ಳಬಾರದೆಂದರೆ ಸಂಸಾರ ನಡೆಯುವುದು ಹೇಗೆ? ಜಗಳವೇನೂ ಆಗಿರಲಿಲ್ಲ. ಇಬ್ಬರಿಗೂ ಅಮ್ಮ ಬೇಕು, ಇಬ್ಬರಿಗೂ ಜನವರಿಯಲ್ಲಿ ಬೇಡ. ಅಷ್ಟೇ.

ಒಂದು ಶನಿವಾರ ಬೆಳಗಿನ ಶಿಫ್ಟು ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ಗಂಡ ಕ್ರಿಕೆಟ್ಟಿಗೆ ಹೋಗಿದ್ದರು, ಮಗಳು ಲೈಬ್ರರಿಗೆ. ಬೀಗ ತೆಗೆದವಳಿಗೆ ಮನೆ ವಿಪರೀತ ಚೊಕ್ಕಟವಾಗಿ ಕಂಡಿತು. ಒಲೆ ಒರೆಸಿದೆ, ಕುಕ್ಕರಿನಲ್ಲಿ ಅನ್ನವಿದೆ, ಹುಳಿ ಮಾಡಿ ಮುಚ್ಚಿಟ್ಟಿದೆ. ಅಮ್ಮ ಎಂದು ಕರೆದೆ. ಕಿವಿಯ ಮಷೀನು ತೆಗೆದಿಟ್ಟಿರಬೇಕು ಎಂದು ರೂಮಿಗೆ ಹೋದೆ. ಹಾಸಿಗೆಯ ಮೇಲೆ ಹೊದಿಕೆ, ದಿಂಬಿನ ಕವರು, ಟವೆಲು ಎಲ್ಲಾ ಒಗೆದು ಮಡಿಸಿ ಒಂದರ ಮೇಲೊಂದು ಇಟ್ಟಿದ್ದಳು. ಲಾಡ್ಜಿನ ರೂಮು ಖಾಲಿ ಮಾಡಿಕೊಟ್ಟು ಹೋದವರ ಹಾಗಿತ್ತು. ಫೋನು ಚಾರ್ಜಿಗೆ ಹಾಕಿದಲ್ಲೇ ಇತ್ತು. ಕಪಾಟಿನಲ್ಲಿ ಅವಳ ಬಟ್ಟೆಯ ಕೈಚೀಲ ಇರಲಿಲ್ಲ, ಪಾಸ್‌ಪೋರ್ಟ್ ಇರಲಿಲ್ಲ.

ಜೀವಮಾನವಿಡೀ ಹೆದರಿದ್ದೆಲ್ಲ ಆಟ, ಇದೇ ನಿಜವಾದದ್ದು ಎಂದು ಆಗಲೇ ಗೊತ್ತಾಗಿಬಿಟ್ಟಿತು. ಚಪ್ಪಲಿ ಮೆಟ್ಟಿಕೊಳ್ಳದೆ ಲಿಫ್ಟಿನವರೆಗೆ ಓಡಿ, ವಾಪಸ್ ಬಂದು ಮೆಟ್ಟಿಕೊಂಡು ಹೋದೆ. ಪಾರ್ಕು ನೋಡಿದೆ, ಬಸ್ ಸ್ಟಾಪು ನೋಡಿದೆ. ಅವಳು ಕೊತ್ತಂಬರಿಗೆ ಹೋಗುತ್ತಿದ್ದ ಇಂಡಿಯನ್ ಅಂಗಡಿಗೆ ಹೋಗಿ ಹಿಂದಿಯಲ್ಲಿ ವಿಚಾರಿಸಿದೆ. ಅಂಗಡಿಯ ಆಂಟಿ, ಇವತ್ತು ಬಂದಿಲ್ಲ ಬೇಟಾ ಅಂದರು. ಕೊನೆಗೆ ಪಾರ್ಕಿನ ಹಿಂದಿನ ಹಳ್ಳದ ದಂಡೆಗೆ ಇಳಿದೆ. ಹಿಂದಿನ ದಿನ ಮಳೆ ಬಂದು ನೀರು ಕೆಂಪಗಿತ್ತು. ಆ ನೀರಿನಲ್ಲಿ ಏನು ಹುಡುಕುತ್ತಿದ್ದೆ ಎಂದು ಇವತ್ತಿಗೂ ಬಾಯಿಬಿಟ್ಟು ಹೇಳಲಾರೆ. ಒಂದು ಪ್ಲಾಸ್ಟಿಕ್ ಚೀಲ ಪೊದೆಗೆ ಸಿಕ್ಕಿಕೊಂಡು ಅಲುಗಾಡುತ್ತಿದ್ದುದನ್ನು ಸೀರೆಯ ಸೆರಗೆಂದುಕೊಂಡು ಕಿರುಚಿಬಿಟ್ಟೆ.

ತಮ್ಮನಿಗೆ ಫೋನ್ ಮಾಡಿದೆ. "ಅಮ್ಮನಿಗೆ ಏನಾದ್ರೂ ಅಂದ್ಯಾ ಅಕ್ಕ?" ಎಂದ.

"ನಾನೇನಂದೆ? ನೀನೇ ಏನಾದ್ರೂ ಅಂದಿರ್ಬೇಕು!"

"ನಾನು ಅವಳ ಹತ್ರ ಮಾತಾಡಿ ವಾರ ಆಯ್ತು."

"ಅದನ್ನೇ ಅಂದಿದ್ದು!" ಎಂದು ಅರಚಿ ಫೋನಿಟ್ಟೆ. ಆಮೇಲೆ ಮತ್ತೆ ನಾನೇ ಮಾಡಿದೆ. ಇಬ್ಬರೂ ಅಳುತ್ತಿದ್ದೆವು.

ಗಂಡ ಆಟದ ಬಟ್ಟೆಯಲ್ಲೇ ಓಡಿಬಂದರು. ಪೊಲೀಸರಿಗೆ ತಿಳಿಸಿ ಆಗಿತ್ತು. ಮನೆಗೆ ಬಂದ ಪೊಲೀಸಿನ ಹುಡುಗಿ ಒಳ್ಳೆಯವಳು, ಮೆತ್ತಗೆ ಕೇಳಿದಳು. ತಾಯಿಗೆ ಮರೆವು ಇದೆಯೇ? ಇಲ್ಲ. ಮನೆಯಲ್ಲಿ ಇತ್ತೀಚೆಗೆ ಜಗಳವೇನಾದರೂ? ಇಲ್ಲ. ಮನಸ್ಸಿಗೆ ಬೇಜಾರಾಗುವಂಥದ್ದು ಏನಾದರೂ? ಇಲ್ಲ, ಏನೂ ಇಲ್ಲ. ನಾನು ನಿಜವನ್ನೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

ಆಗ ಲೈಬ್ರರಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ನಿನ್ನೆ ಅಜ್ಜಿ ತನ್ನ ರೂಮಿಗೆ ಬಂದಿದ್ದಳು ಎಂದು. ಬಂದು ಮಂಚದ ಮೇಲೆ ಕೂತು ಏನೋ ಕೇಳಿದಳು ಎಂದು.

"ಏನ್ ಕೇಳಿದ್ಲು?"

ಮಗಳ ಮುಖ ಬಿಳಿಚಿಕೊಂಡಿತ್ತು. ನೀನು ದಿನಾ ಹೇಳುತ್ತೀಯಲ್ಲ ಆ ಮಾತು, ಯಾರು ಹೇಳಿಕೊಟ್ಟರು ಎಂದು ಅಜ್ಜಿ ಕೇಳಿದಳಂತೆ. ಇವಳು, ಅಮ್ಮ ಬರೆದುಕೊಟ್ಟದ್ದು ಅಂದಳಂತೆ. ಯಾರ ಬಗ್ಗೆ ಎಂದು ಕೇಳಿದಳಂತೆ. ಸರ್‌ಪ್ರೈಸ್ ಹಾಳಾಗಬಾರದಲ್ಲ, ಜೊತೆಗೆ ರೋಮು, ಗಾಲ್, ಕೋಟೆ ಎಲ್ಲವನ್ನೂ ವಿವರಿಸುವಷ್ಟು ಕನ್ನಡ ನಾಲಿಗೆಯ ಮೇಲೆ ಇರಲಿಲ್ಲ. ಗೊತ್ತಿದ್ದ ಕನ್ನಡದಲ್ಲೇ ಚಿಕ್ಕದಾಗಿ ಹೇಳಿದಳಂತೆ.

"ಏನಂದೆ?"

ಆಗ ಅವಳು ಕನ್ನಡದಲ್ಲೇ ಅಂದಳು: "ಮುದುಕರು, ಅಜ್ಜಿ. ಅವರು ಊಟ ಎಲ್ಲಾ ತಿಂತಾರೆ. ಅದಕ್ಕೆ ಆಚೆ ಕಳಿಸೋದು."

ಅಜ್ಜಿ ಅವಳ ತಲೆ ಸವರಿ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯ ಮಗಳೇ ಎಂದು ಎದ್ದು ಹೋದಳಂತೆ.

ಪೊಲೀಸಿನ ಹುಡುಗಿಗೆ ಏನೆಂದು ಅನುವಾದ ಮಾಡುವುದು? ಎರಡು ಸಾವಿರ ವರ್ಷದ ಹಿಂದೆ ಒಬ್ಬ ಸೇನಾಪತಿ ಒಂದು ಗುಡ್ಡಕ್ಕೆ ಮುತ್ತಿಗೆ ಹಾಕಿದ್ದರಿಂದ ನನ್ನ ಅಮ್ಮ ಮನೆ ಬಿಟ್ಟು ಹೋಗಿದ್ದಾಳೆ ಎಂದು ಹೇಳಬೇಕಾಗಿತ್ತು. ಗಂಡ ಹೇಗೋ ತಡವರಿಸಿಕೊಂಡು ವಿವರಿಸಿದರು. ಗೋಡೆಯ ಆ ಕಡೆ ಕೂತು ಸಂಜೆ ಸಂಜೆ ಅಮ್ಮ ಕೇಳಿಸಿಕೊಂಡದ್ದು ನನಗೀಗ ಕೇಳಿಸತೊಡಗಿತು. ಮೊಮ್ಮಗಳ ದನಿ, ಅದರ ಹಿಂದೆಯೇ ನನ್ನದು: ಇನ್ನೊಂದು ಸಲ, ಗಟ್ಟಿಯಾಗಿ ಹೇಳು, ಮನಸಿಟ್ಟು ಹೇಳು. ಆಮೇಲೆ ಚಪ್ಪಾಳೆ.

ಬಿಸಿಲು ಇಳಿಯುವ ಹೊತ್ತಿಗೆ ಫೋನ್ ಬಂತು. ನಮ್ಮ ಸಿಡ್ನಿಯದೇ ಲಿವರ್‌ಪೂಲ್ ರೈಲ್ವೆ ಸ್ಟೇಷನ್ನಿನಲ್ಲಿ ಸೀರೆ ಉಟ್ಟ ಒಬ್ಬ ಮುದುಕಿ ಇದ್ದಾರೆ, ಇಂಗ್ಲಿಷ್ ಬರುವುದಿಲ್ಲ, ಪಾಸ್‌ಪೋರ್ಟ್ ತೋರಿಸುತ್ತಿದ್ದಾರೆ. ದಾರಿಯುದ್ದಕ್ಕೂ ನಾನು ಒಂದೇ ಸಮ ಗೊಣಗುತ್ತಿದ್ದೆನಂತೆ, ಅಲ್ಲೇ ಇರ್ಲಿ, ಅಲ್ಲೇ ಇರ್ಲಿ ಎಂದು. ಮತ್ತೆ ಎಲ್ಲಾದರೂ ಎದ್ದು ಹೋದರೆ ಎಂಬ ಭಯ. ಹಿಂದಿನ ಸೀಟಿನಲ್ಲಿ ಮಗಳು ಸದ್ದಿಲ್ಲದೆ ಅಳುತ್ತಿದ್ದಳು.

ಅಮ್ಮ ಪ್ಲಾಟ್‌ಫಾರಮ್ಮಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಅರಬ್ಬೀ ಮುದುಕಿಯೊಬ್ಬರು ಅವಳ ಕೈ ಹಿಡಿದುಕೊಂಡಿದ್ದರು. ಇವಳ ಮಾತು ಅವರಿಗೆ ತಿಳಿಯದು, ಅವರದು ಇವಳಿಗೆ ತಿಳಿಯದು. ಅಮ್ಮನ ಮಡಿಲಲ್ಲಿ ಅವರು ಕೊಟ್ಟ ಖರ್ಜೂರ, ಒಂದನ್ನೂ ತಿಂದಿರಲಿಲ್ಲ. ನನ್ನನ್ನು ಕಂಡಕೂಡಲೇ ಅಮ್ಮ ಎದ್ದು ನಿಂತಳು. ಅವಳ ಕಣ್ಣಿನಲ್ಲಿ ನಾನು ನೋಡಿದ್ದು ಹೆದರಿಕೆ. ನನ್ನನ್ನು ಕಂಡು ನನ್ನ ಅಮ್ಮ ಹೆದರಿದ್ದಳು. ಆ ಒಂದು ಗಳಿಗೆಯನ್ನು ನನ್ನಿಂದ ಯಾರಾದರೂ ತೆಗೆದುಕೊಂಡು ಹೋದರೆ ಅವರಿಗೆ ಏನು ಬೇಕಾದರೂ ಕೊಡುತ್ತೇನೆ.

"ತಮ್ಮನ ಮನೆಗೆ ಹೊರಟಿದ್ದೆ ಕಣೇ" ಅಂದಳು. "ಅವತ್ತು ಮೆಲ್ಬರ್ನಿಗೆ ಕಾರಲ್ಲಿ ಹೋಗುವಾಗ ಲಿವರ್‌ಪೂಲ್ ಅಂತ ಬೋರ್ಡು ಬಂದಿತ್ತಲ್ಲ. ಇಲ್ಲಿಗೆ ಬಂದ್ರೆ ಮೆಲ್ಬರ್ನ್ ಗಾಡಿ ಸಿಗುತ್ತೆ ಅಂದ್ಕೊಂಡೆ."

"ಹೇಳ್ದೆ ಕೇಳ್ದೆ ಯಾಕಮ್ಮ ಹೊರಟೆ?"

"ನೀವಾಗಿ ಹೇಳೋ ಮೊದ್ಲು ನಾನೇ ಹೊರಟ್ರೆ ಮರ್ಯಾದೆ ಅಲ್ವಾ?"

ಕಾರಿನಲ್ಲಿ ಒಂದೇ ಉಸಿರಿಗೆ ಎಲ್ಲಾ ಹೇಳಿದೆ. ಅದು ಭಾಷಣ ಅಮ್ಮ, ರಾಜ್ಯೋತ್ಸವಕ್ಕೆ. ಯಾವನೋ ಸರದಾರನ ಮಾತು, ಯಾವ ಕಾಲದ್ದೋ ಯುದ್ಧ, ನಿನಗೆ ಅಂದದ್ದಲ್ಲ. ನಿನಗೆ ಖುಷಿಯಾಗಲಿ ಅಂತ ಮಾಡಿದ್ದು. ಅಮ್ಮ ಕಿಟಕಿಯ ಆಚೆ ನೋಡುತ್ತ "ಹೂಂ, ಹೂಂ" ಅನ್ನುತ್ತಿದ್ದಳು.

"ದಂಡಪಿಂಡ ಅನ್ನೋದು ನಿನ್ನ ಪದ ಅಮ್ಮ. ಅದಕ್ಕೇ ಬರೆದೆ" ಎಂದೆ.

"ನನ್ನ ಪದವೇ" ಅಂದಳು. "ಅದಕ್ಕೇ ಸರಿಯಾಗಿ ಅರ್ಥ ಆಯ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವಳು ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಮಗಳು ಭಾಷಣ ಮಾಡುವುದಿಲ್ಲ ಎಂದಳು, ನಾನೂ ಒತ್ತಾಯಿಸಲಿಲ್ಲ. ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದೆವು, ಅದು ಇನ್ನೂ ಕೆಟ್ಟದಾಯಿತು. ಮೆಲ್ಲಗೆ ಆಡಿದ್ದೆಲ್ಲ ತನ್ನ ವಿಷಯವೇ ಎಂಬಂತೆ ಅಮ್ಮ ಮುಖ ಮುಖ ನೋಡುತ್ತಿದ್ದಳು. ಕೆಲಸದಿಂದ ನಡುವೆ ಫೋನ್ ಮಾಡುತ್ತಿದ್ದೆ. ಎರಡನೇ ರಿಂಗಿಗೆ ಎತ್ತದಿದ್ದರೆ ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟು ಮತ್ತೆ ಮಾಡುತ್ತಿದ್ದೆ. ಕೊನೆಗೆ ತಮ್ಮನೇ ಬಂದು ಅವಳನ್ನು ಕ್ಲೇಟನ್ನಿಗೆ ಕರೆದುಕೊಂಡು ಹೋದ. ಶಿಫ್ಟಾದ ಹೊಸ ಮನೆಯಲ್ಲಿ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸಿದವಳು ಅವಳೇ ಎಂದು ಆಮೇಲೆ ಗೊತ್ತಾಯಿತು. ಊಟ ಅಲ್ಲೂ ಅಷ್ಟಕ್ಕಷ್ಟೆ.

ಜನವರಿಯ ರಜೆಯಲ್ಲಿ, ಬಂದಿದ್ದ ಅತ್ತೆ-ಮಾವನನ್ನು ಗಂಡನ ಜೊತೆ ಬಿಟ್ಟು, ನಾನೂ ಮಗಳೂ ಮೆಲ್ಬರ್ನಿಗೆ ಹೋದೆವು. ಧಗೆಯ ದಿನ, ಕಿಟಕಿಗಳೆಲ್ಲ ಮುಚ್ಚಿದ್ದವು. ತಮ್ಮನ ಹೆಂಡತಿ ಪಾಪುವನ್ನು ಮಲಗಿಸಲು ರೂಮಿಗೆ ಹೋಗಿದ್ದಳು. ನಾನೂ ತಮ್ಮನೂ ಊಟದ ಮೇಜಿನ ಒಂದು ಕೊನೆಯಲ್ಲಿ ಫೋನಿನ ಕ್ಯಾಲೆಂಡರ್ ತೆಗೆದುಕೊಂಡು ಕೂತಿದ್ದೆವು. ಅಮ್ಮನ ಮುಂದಿನ ತಿಂಗಳುಗಳನ್ನು ಹಂಚಬೇಕಿತ್ತು. ಈ ಸಲ ಅವಳೆದುರಿಗೇ ಮಾತಾಡೋಣ, ಗುಟ್ಟು ಬೇಡ ಎಂದು ನಿರ್ಧರಿಸಿದ್ದೆವು. ಮಾರ್ಚ್‌ನಲ್ಲಿ ನನಗೆ ಕಷ್ಟ ಎಂದು ನಾನು, ಏಪ್ರಿಲ್‌ನಲ್ಲಿ ತನಗೆ ಕಷ್ಟ ಎಂದು ಅವನು. ಅಮ್ಮ ಹುರುಳಿಕಾಯಿ ಸೋಸುತ್ತ ಕೂತಿದ್ದಳು.

ಇದ್ದಕ್ಕಿದ್ದಂತೆ ಮೊಮ್ಮಗಳನ್ನು ಕರೆದಳು. "ಪುಟ್ಟಿ, ಬಾ ಇಲ್ಲಿ. ಆ ಕಥೆ ಹೇಳು. ಆಚೆ ಹಾಕಿದ್ರಲ್ಲ, ಅವರದ್ದು."

ಮಗಳು ನನ್ನ ಮುಖ ನೋಡಿದಳು. "ಅಜ್ಜಿ, ನಂಗೆ ಬೇಡ" ಅಂದಳು.

"ಹೇಳಮ್ಮ. ಏನಾಯ್ತು ಅವರಿಗೆ?"

ಅವಳು ಅಜ್ಜಿಯ ಎದುರು ಕೂತಳು. ಪದಪದವನ್ನೂ ತಡಕಾಡಿ ಹೇಳಿದಳು. "ಅವ್ರು ರೋಮಿನವರ ಹತ್ರ ಹೋದ್ರು. ಅತ್ರು. ನಮ್ಮನ್ನ ಆಳು ಮಾಡ್ಕೊಳ್ಳಿ, ಏನ್ ಕೆಲ್ಸ ಬೇಕಾದ್ರೂ ಮಾಡ್ತೀವಿ, ಊಟ ಕೊಡಿ ಅಂತ."

"ಕೊಟ್ರಾ?"

"ಇಲ್ಲ. ಗೋಡೆ ಹತ್ರ ಬಿಡ್ಲಿಲ್ಲ."

"ಮತ್ತೆ ವಾಪಸ್ ಹೋದ್ರಾ?"

"ಹೋದ್ರು. ಒಳಗಡೆಯವ್ರೂ ಬಾಗ್ಲು ತೆಗೀಲಿಲ್ಲ."

ಅಮ್ಮನ ಕೈ ಹುರುಳಿಕಾಯಿಯ ಮೇಲೆ ನಿಂತಿತು. "ಮತ್ತೆ ಎಲ್ಲಿದ್ರು?"

"ಮಧ್ಯದಲ್ಲಿ. ಆ ಕಡೆ ಗೋಡೆ, ಈ ಕಡೆ ಗೋಡೆ."

ತಮ್ಮ ಕ್ಯಾಲೆಂಡರಿನ ಮೇಲಿಂದ ಬೆರಳು ತೆಗೆದ. ನಿಲ್ಲಿಸು ಎಂದು ಮಗಳಿಗೆ ಕಣ್ಣು ಮಾಡಲು ನೋಡಿದೆ, ಅವಳು ನನ್ನ ಕಡೆ ತಿರುಗಲಿಲ್ಲ. ಅಮ್ಮ ಮೊರದ ಮೇಲೆ ಎರಡೂ ಕೈ ಊರಿ ಕೂತಳು. ಮೆಸ್ಸಿನ ಹುಡುಗರ ಜಗಳ ಬಿಡಿಸುವಾಗ ಹೀಗೇ ಕೂರುತ್ತಿದ್ದಳು, ಎರಡೂ ಕಡೆಯದನ್ನು ಕೇಳಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಹಾಕುತ್ತಿದ್ದಳು.

"ಅಲ್ಲ ಪುಟ್ಟಿ, ಆ ಊರು ಯಾರದ್ದು?"

"ಅವ್ರದ್ದೇ ಅಜ್ಜಿ."

"ಯಾರದ್ದು, ಸರದಾರಂದಾ?"

"ಅಲ್ಲ. ಸರದಾರ ಬೇರೆ ಊರು, ಸೈನ್ಯ ಎಲ್ಲಾ ಬೇರೆ ಊರು. ಆಚೆ ಹಾಕಿದ್ರಲ್ಲ, ಮನೆ ಎಲ್ಲಾ ಅವ್ರದ್ದು. ಅವ್ರೇ ಇವ್ರನ್ನ ಒಳಗೆ ಬಿಟ್ಕೊಂಡಿದ್ದು."

ಅಷ್ಟು ಓದಿಸಿ, ತಿದ್ದಿಸಿ, ಕೂಗಿಸಿದ ನನಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಭಾಷಣದಲ್ಲಿ ಅದು ಇರಲಿಲ್ಲ. ಆ ಸರದಾರ ಅದನ್ನೇಕೆ ಹೇಳುತ್ತಾನೆ? ನಂಜನಗೂಡಿನ ತನ್ನ ಮನೆ ಮಾರಿಸಿದ ನಮ್ಮಿಬ್ಬರನ್ನೂ ಅಮ್ಮ ನೋಡಿದಳು, ಮೊದಲು ನನ್ನನ್ನು, ಆಮೇಲೆ ತಮ್ಮನನ್ನು. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನ್ನ ಭಯ ಅಲ್ಲಿಗೆ ಇಳಿದುಹೋಗುತ್ತಿತ್ತು. ಅವಳು ಹುರುಳಿಕಾಯಿಯ ಮೊರವನ್ನು ನನ್ನ ಕಡೆಗೆ ತಳ್ಳಿ, ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿಯನ್ನು ಮೇಜಿನ ತುದಿಗೆ, ಮನೆಯ ಯಜಮಾನರು ಕೂರುವ ಜಾಗಕ್ಕೆ, ಎಳೆದುಕೊಂಡು ಕೂತಳು.

"ನಂಗೆ ಹಸಿವಾಗಿದೆ" ಅಂದಳು. "ಬಡಿಸಿ."

ಇಬ್ಬರೂ ಒಟ್ಟಿಗೆ ಎದ್ದೆವು. ತಮ್ಮ ತಟ್ಟೆ ತಂದ. ಅನ್ನ ಹಾಕುವ ಗಡಿಬಿಡಿಯಲ್ಲಿ ನಾಲ್ಕು ಅಗಳು ಮೇಜಿನ ಮೇಲೆ ಬಿದ್ದವು. ಅಮ್ಮ ಅವನ್ನು ಆರಿಸಲಿಲ್ಲ. ಹುಳಿ ಕಲಸಿ, ಅವಸರವಿಲ್ಲದೆ, ನಾವಿಬ್ಬರೂ ಆ ಕಡೆ ಈ ಕಡೆ ನಿಂತಿದ್ದಂತೆಯೇ ಉಂಡಳು. ತಟ್ಟೆ ಬರಿದಾದ ಮೇಲೂ ಏಳಲಿಲ್ಲ.

"ಇನ್ನೊಂದು ಚೂರು ಹಾಕು" ಅಂದಳು.